ಡಬ್ಬಿಯ ಹಿಂಭಾಗ ಓದು ಮಾರಾಯ

ಗೆಳೆಯಾ,

ನೀನು ಕಳಿಸಿದ ಕ್ರೀಮು, ಜೆಲ್ ಡಬ್ಬಿಗಳ ಫೋಟೋಗಳನ್ನೆಲ್ಲ ನೋಡಿದೆ. ಎಲ್ಲದರ ಮೇಲೂ ಒಂದೊಂದು ಎಲೆಯ ಚಿತ್ರ, ಎಲ್ಲದರ ಮೇಲೂ ‘ನ್ಯಾಚುರಲ್’. ತಂಗಿ ಮದುವೆಗೆ ಎರಡೇ ತಿಂಗಳು ಉಳಿದಿದೆ, ಯಾವುದು ತಗೊಳ್ಳಲಿ ಅಂತ ಕೇಳಿದ್ದೀಯ. ಬೇರೆಯವುಗಳ ಮಾತು ಆಮೇಲೆ. ಯಾರೋ ಪರಿಚಯದವರು ಕೊಟ್ಟರು ಅಂದೆಯಲ್ಲ, ಆ ಬಿಳಿ ಡಬ್ಬಿ, ಅದನ್ನು ಇವತ್ತೇ ಪಕ್ಕಕ್ಕಿಡಿಸು.

ಅದರ ಮೇಲೆ ತಯಾರಿಸಿದವರ ವಿಳಾಸ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಒಳಗೇನಿದೆ ಅನ್ನುವ ಪಟ್ಟಿಯೂ ಇಲ್ಲ. ‘ಬರೀ ಗಿಡಮೂಲಿಕೆಯದ್ದು, ವಾರದಲ್ಲೇ ಮುಖ ಬೆಳ್ಳಗಾಯ್ತು’ ಅಂತ ನೀನು ಖುಷಿಯಿಂದ ಬರೆದಿದ್ದೀಯ, ನನಗೆ ಹೆದರಿಕೆ ಆದದ್ದೇ ಆ ಸಾಲು ಓದಿ. ಯಾವ ಬೇರು, ಯಾವ ಸೊಪ್ಪು ವಾರದಲ್ಲಿ ಹಾಗೆ ಬಣ್ಣ ಬದಲಿಸುತ್ತದೆ ಹೇಳು? ಅಷ್ಟು ಬೇಗ ಆಯಿತು ಅಂದರೆ ಅನುಮಾನ ಹೋಗುವುದು ಸ್ಟೀರಾಯ್ಡ್ ಮೇಲೆ, ಇಲ್ಲವೇ ಪಾದರಸದ ಮೇಲೆ. ಸ್ಟೀರಾಯ್ಡ್ ಹಚ್ಚಿದರೆ ಮೊದಮೊದಲು ಮುಖ ನುಣುಪಾಗುತ್ತದೆ, ಆಮೇಲೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತದೆ. ಪಾದರಸದ್ದು ಇನ್ನೂ ಕೆಟ್ಟದ್ದು, ಅದು ಚರ್ಮದಿಂದ ಒಳಗಿಳಿದು ಕಿಡ್ನಿಗೆ ಹೋಗುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕೆಲವರು ಕಿಡ್ನಿ ತೊಂದರೆಯಿಂದ ಆಸ್ಪತ್ರೆಗೆ ಬಂದಾಗ, ವೈದ್ಯರು ಕಾರಣ ಹುಡುಕುತ್ತಾ ಹೋಗಿ ಕೊನೆಗೆ ಸಿಕ್ಕಿದ್ದು ಇಂಥವೇ ಬಿಳುಪಿನ ಕ್ರೀಮುಗಳು. ತಂಗಿಯನ್ನು ಚರ್ಮದ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗು, ಡಬ್ಬಿಯನ್ನೂ ಒಯ್ಯಿ. ಸ್ಟೀರಾಯ್ಡ್ ಇದ್ದರೆ ಬಿಟ್ಟ ಕೂಡಲೇ ಮುಖ ಉರಿದು ಕೆಂಪಾಗಬಹುದು, ಆಗ ಗಾಬರಿಯಾಗಿ ಮತ್ತೆ ಅದನ್ನೇ ಹಚ್ಚುವುದು ಬೇಡ.

(ಅವಳ ಬಣ್ಣಕ್ಕೆ ಏನಾಗಿದೆ ಅಂತಲೂ ನನಗೆ ಅರ್ಥ ಆಗಿಲ್ಲ. ಅದು ಬೇರೆ ಜಗಳ, ಎದುರು ಸಿಕ್ಕಾಗ ಮಾಡೋಣ.)

ಇನ್ನು ಉಳಿದವು. ಕೇಸರಿ ಕ್ರೀಮಿನ ಹಿಂದೆ ಸಣ್ಣಕ್ಷರದಲ್ಲಿ ಬರೆದಿದ್ದಾರಲ್ಲ, ಅದನ್ನು ಓದು. ಆ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಇದರಲ್ಲಿ ಮೊದಲು ನೀರು, ಆಮೇಲೆ ಗ್ಲಿಸರಿನ್, ಕೇಸರಿ ಪರ್ಫ್ಯೂಮಿಗಿಂತಲೂ ಹಿಂದೆ, ಬಾಲದಲ್ಲಿ. ಕ್ರೀಮ್ ಕೆಟ್ಟದ್ದಲ್ಲ, ಆದರೆ ನೀನು ದುಡ್ಡು ಕೊಡುತ್ತಿರುವುದು ಹೆಸರಿಗೆ. ಲೋಳೆಸರದ ಜೆಲ್ ಕಥೆಯೂ ಹಾಗೇ. ಲೋಳೆಸರ ಕೊಯ್ದು ನೋಡಿದ್ದೀಯಲ್ಲ, ಒಳಗಿನ ತಿರುಳಿಗೆ ಬಣ್ಣವೇ ಇಲ್ಲ, ಡಬ್ಬಿಯಲ್ಲಿರುವ ಹಸಿರು ಮೇಲಿಂದ ಹಾಕಿದ್ದು. ಹಿತ್ತಲಿನದ್ದೇ ಹಚ್ಚುವುದಾದರೆ ಕೊಯ್ದಾಗ ಒಸರುವ ಹಳದಿ ರಸವನ್ನು ಪೂರ್ತಿ ಸೋರಲು ಬಿಡು, ಅದು ತುರಿಕೆ ಎಬ್ಬಿಸುತ್ತದೆ.

‘ಪ್ರಿಸರ್ವೇಟಿವ್ ಇಲ್ಲ’, ಅಂದರೆ ಕೆಡದ ಹಾಗೆ ಕಾಯುವ ವಸ್ತು ಹಾಕಿಲ್ಲ, ಅಂತ ದೊಡ್ಡದಾಗಿ ಬರೆದುಕೊಂಡಿರುವ ಆ ಹೂವಿನ ಕ್ರೀಮಿಗೆ ನೀನು ಜಾಸ್ತಿ ಮರುಳಾದ ಹಾಗಿದೆ. ನೀರಿರುವ ಯಾವುದೇ ಪದಾರ್ಥದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತದೆ, ದಿನಾ ಬೆರಳು ಅದ್ದುವ ಡಬ್ಬಿಯಲ್ಲಂತೂ ಕೇಳಬೇಡ. ಅಲ್ಲಿ ಪ್ರಿಸರ್ವೇಟಿವ್ ಬೇಕೇ ಬೇಕು. ಎಲ್ಲರೂ ಬೈಯುವ ಪ್ಯಾರಾಬೆನ್ ಅನ್ನುವ ಪ್ರಿಸರ್ವೇಟಿವ್‌ಗಳಿಂದ ಅಲರ್ಜಿ ತೀರಾ ಕಡಿಮೆ, ಎಷ್ಟು ಕಡಿಮೆ ಅಂದರೆ ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2019ರಲ್ಲಿ ಅದನ್ನು ‘ವರ್ಷದ ಅಲರ್ಜಿಯಲ್ಲದ ವಸ್ತು’ ಅಂತಲೇ ಕರೆಯಿತು. ಅದೇ ಸಂಘ 2013ರಲ್ಲಿ ‘ವರ್ಷದ ಅಲರ್ಜಿ ವಸ್ತು’ ಅಂದದ್ದು ಮಿಥೈಲ್ ಐಸೋಥಯಾಜೊಲಿನೋನ್ ಅನ್ನುವ ಇನ್ನೊಂದು ಪ್ರಿಸರ್ವೇಟಿವನ್ನು. ಪಟ್ಟಿಯಲ್ಲಿ ಈ ಹೆಸರು ಕಂಡರೆ ಬಿಟ್ಟುಬಿಡು.

ನೀರೇ ಇಲ್ಲದ ಎಣ್ಣೆ, ತುಪ್ಪಗಳಿಗೆ ಈ ರಗಳೆ ಇಲ್ಲ. ಅದಕ್ಕೇ ನನಗೆ ಅವುಗಳ ಮೇಲೆ ಪ್ರೀತಿ. ನೀನು ಆನ್‌ಲೈನಲ್ಲಿ ನೋಡಿದ ‘ಕೋಕಂ ಬಟರ್’ ಬೇರೇನಲ್ಲ ಮಾರಾಯ, ನಮ್ಮ ಶಿರಸಿ ಕಡೆಯ ಮುರುಗಲು ತುಪ್ಪ! ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ, ತುಟಿಗೆ ಎಲ್ಲರ ಮನೆಯಲ್ಲೂ ಹಚ್ಚುತ್ತಿದ್ದದ್ದು. ಗಟ್ಟಿಯಾಗಿರುತ್ತದೆ, ಅಂಗೈಯಲ್ಲಿ ಉಜ್ಜಿದರೆ ಕರಗುತ್ತದೆ. ತಂಗಿಯದ್ದು ಒಣ ಚರ್ಮ ಆದರೆ ಧಾರಾಳವಾಗಿ ಹಚ್ಚಲಿ. ತೆಂಗಿನೆಣ್ಣೆಯೂ ಒಳ್ಳೆಯದೇ, ಆದರೆ ಮೊಡವೆ ಏಳುವ ಮುಖಕ್ಕೆ ಬೇಡ, ಮೈಕೈಗೆ ಸಾಕು.

ಸುಮ್ನೆ ಯಾರೋ ಹೇಳಿದರು ಅಂತ ನಿಂಬೆರಸ ಮಾತ್ರ ಮುಖಕ್ಕೆ ಬೇಡ. ಅದು ತುಂಬಾ ಹುಳಿ, ಸಾಲದ್ದಕ್ಕೆ ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಬೊಕ್ಕೆ ಬಂದು ಕಪ್ಪು ಕಲೆ ಉಳಿಯಬಹುದು. ಮದುವೆ ಮನೆಯಲ್ಲಿ ಅದೊಂದು ಬೇಕಾ?

ಹೊಸದು ಏನೇ ತಗೊಂಡರೂ, ಮುರುಗಲು ತುಪ್ಪವೇ ಆದರೂ, ಮೊಣಕೈ ಒಳಭಾಗದಲ್ಲಿ ಒಂದು ವಾರ ದಿನಕ್ಕೆರಡು ಸಲ ಹಚ್ಚಿ ನೋಡಲಿ. ತುರಿಕೆ, ಕೆಂಪು ಏನೂ ಇಲ್ಲದಿದ್ದರೆ ಆಮೇಲೆ ಮುಖಕ್ಕೆ. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ, ಇಲ್ಲದಿದ್ದರೆ ಯಾವುದು ಕೈಕೊಟ್ಟಿತು ಅಂತ ಗೊತ್ತಾಗುವುದಿಲ್ಲ. ಮದುವೆಗೆ ಹದಿನೈದು ದಿನ ಇದ್ದಾಗಿನಿಂದ ಹೊಸದು ಏನನ್ನೂ ಮುಟ್ಟುವುದೇ ಬೇಡ, ಫೇಶಿಯಲ್ಲೂ ಸೇರಿ.

ಡಾಕ್ಟರ್ ಏನಂದರು ಅಂತ ಫೋನ್ ಮಾಡು. ಮುರುಗಲು ತುಪ್ಪ ಎಷ್ಟು ಬೇಕು ಅಂತಲೂ ಹೇಳು, ಅತ್ತಿಗೆಗೂ ಸೇರಿಸಿ ಲೆಕ್ಕ ಹಾಕು. ಮುಂದಿನ ವಾರ ಪಕ್ಕದ ಮನೆಯವರು ಬೆಂಗಳೂರಿಗೆ ಬರುವವರಿದ್ದಾರೆ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ನಿನ್ನ ಗೆಳೆಯ