ಮಗ್ಗ ನಿಂತರೂ ಮನಸ್ಸು ಮಾರದವರು

ಸಂಪಾದಕರಿಗೆ ನಮಸ್ಕಾರ.

ಓದು ಬಾರದ ಕೂಲಿಯವರಿಗೆ ಓಟು ಯಾಕೆ, ಐನೂರು ರೂಪಾಯಿಗೆ ಮಾರಿಕೊಳ್ಳುತ್ತಾರೆ ಎಂದು ಕಳೆದ ವಾರ ಈ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಓದಿ ತುಂಬಾ ನೋವಾಯಿತು. ನಾನು ಗುಳೇದಗುಡ್ಡದಲ್ಲಿ ಖಣ ನೇಯುವ ಮನೆಯಲ್ಲಿ ಹುಟ್ಟಿದವಳು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದ್ದೇನೆ.

ಇದೇ ಮಾತನ್ನು 1866ರಲ್ಲಿ ಇಂಗ್ಲೆಂಡಿನ ಸಂಸತ್ತಿನಲ್ಲಿ ರಾಬರ್ಟ್ ಲೋ ಎಂಬವರು ಆಡಿದ್ದರು. ದುಡಿಯುವ ಜನ ಲಂಚಕ್ಕೆ ಬೀಳುವವರು, ತಿಳಿವಳಿಕೆ ಇಲ್ಲದವರು, ಕುಡುಕರು ಎಂಬುದು ಅವರ ವಾದ. ಆದರೆ ಅದಕ್ಕೆ ಉತ್ತರ ಆಗಲೇ ಸಿಕ್ಕಿತ್ತು, ಅದೂ ಅಮೆರಿಕದ ಯುದ್ಧದಿಂದ.

1861ರಲ್ಲಿ ಅಲ್ಲಿ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು. ದಕ್ಷಿಣದಲ್ಲಿ ಗುಲಾಮರು ಬೆಳೆದ ಹತ್ತಿಯಿಂದಲೇ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳು ನಡೆಯುತ್ತಿದ್ದವು. ಉತ್ತರದವರ ನೌಕಾಪಡೆ ಬಂದರುಗಳನ್ನು ಮುಚ್ಚಿತು. ಹತ್ತಿ ನಿಂತಿತು, ಲಕ್ಷಗಟ್ಟಲೆ ಜನರ ಕೆಲಸ ಹೋಯಿತು.

ಮಗ್ಗ ನಿಲ್ಲುವುದು ಎಂದರೆ ಏನೆಂದು ನನಗೆ ಗೊತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದೂವರೆ ತಿಂಗಳು ನೂಲು ಬರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಸುಮ್ನೆ ಲಾಳಿ ಒರೆಸಿ ಇಡುತ್ತಿದ್ದರು. ಅವ್ವ ಜೋಳದ ಡಬ್ಬಿ ಅಲ್ಲಾಡಿಸಿ ನೋಡುತ್ತಿದ್ದಳು.

ಅಂಥ ಹೊತ್ತಿನಲ್ಲಿ ಹಸಿದವರು ಏನು ಹೇಳಬೇಕಿತ್ತು? ಗುಲಾಮಗಿರಿ ಇದ್ದರೆ ಇರಲಿ, ನಮಗೆ ಹತ್ತಿ ಬರಲಿ ಅಂತ, ಅಲ್ವಾ? ಕೆಲವರು ಹಾಗೆ ಹೇಳಿದರು ಕೂಡ. ಆದರೆ 1862ರ ಡಿಸೆಂಬರ್ 31ರಂದು ಲ್ಯಾಂಕಶೈರಿನದೇ ಊರಾದ ಮ್ಯಾಂಚೆಸ್ಟರಿನ ಕಾರ್ಮಿಕರು ಸಭೆ ಸೇರಿ, ಉತ್ತರದ ಕಡೆ ನಿಂತಿದ್ದ ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ನರಿಗೆ ಪತ್ರ ಬರೆದರು. ಗುಲಾಮಗಿರಿ ತೊಲಗಲಿ, ನಾವು ನಿಮ್ಮ ಜೊತೆ ಇದ್ದೇವೆ ಎಂದರು. ಮೂರೇ ವಾರದೊಳಗೆ ಲಿಂಕನ್ ಉತ್ತರ ಬರೆದರು. ಆ ಉತ್ತರದ ಸಾಲುಗಳನ್ನು ಮ್ಯಾಂಚೆಸ್ಟರಿನ ಲಿಂಕನ್ ಪ್ರತಿಮೆಯ ಕೆಳಗೆ ಕೆತ್ತಿದ್ದಾರೆ.

ಆಗ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಒಳ್ಳೆ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಬಿತ್ತು. ಮುಂಬೈಯಿಂದ ಹಡಗು ಹತ್ತಿದ ಹತ್ತಿಗೆಲ್ಲ ಅಲ್ಲಿ ‘ಸೂರತ್’ ಎಂದೇ ಹೆಸರು. ಎಳೆ ಗಿಡ್ಡ, ಮತ್ತೆ ಮತ್ತೆ ಹರಿಯುತ್ತಿತ್ತು. ಕಾರ್ಮಿಕರು ಬೈದುಕೊಂಡೇ ನೇಯ್ದರು. ಹರಿದ ಎಳೆಗೆ ಗಂಟು ಹಾಕುತ್ತಾ ಕೂತರೆ ದಿನದ ಕೂಲಿ ಎಲ್ಲಿಂದ ಹುಟ್ಟಬೇಕು!

1862ರಲ್ಲಿ ದಕ್ಷಿಣದ ನಾಯಕರನ್ನು ಹೊಗಳಿದ್ದ ಇಂಗ್ಲೆಂಡಿನ ಮಂತ್ರಿ ಗ್ಲ್ಯಾಡ್‌ಸ್ಟನ್, ಆಮೇಲೆ ಲ್ಯಾಂಕಶೈರ್ ಜನರ ತಾಳ್ಮೆಯನ್ನೇ ತೋರಿಸಿ ಇಂಥವರಿಗೆ ಓಟು ಕೊಡಬೇಕು ಎಂದರು. ಬೇರೆ ಕಾರಣಗಳೂ, ಬೀದಿ ಹೋರಾಟಗಳೂ ಇದ್ದವು. ಕೊನೆಗೆ ಆಗ ಮಂತ್ರಿಯಾಗಿದ್ದ ಡಿಸ್ರೇಲಿ ಮುಂದೆ ನಿಂತು 1867ರ ಸುಧಾರಣಾ ಕಾಯ್ದೆ ತಂದರು. ಪಟ್ಟಣಗಳಲ್ಲಿ ಸಂಸಾರ ಹೂಡಿದ್ದ ಕಾರ್ಮಿಕರಿಗೆ ಓಟು ಸಿಕ್ಕಿತು. ಮತದಾರರ ಸಂಖ್ಯೆ ಸುಮಾರು ಹತ್ತು ಲಕ್ಷದಿಂದ ಇಪ್ಪತ್ತು ಲಕ್ಷಕ್ಕೆ ಏರಿತು. ಹೆಂಗಸರಿಗೆ ಮಾತ್ರ ಸಿಗಲಿಲ್ಲ.

ನಮ್ಮಪ್ಪನಿಗೆ ಸಹಿ ಮಾಡುವುದಷ್ಟೇ ಬರುತ್ತಿತ್ತು. ಆದರೂ ಓಟಿನ ದಿನ ಅರ್ಧ ದಿನದ ಕೂಲಿ ಬಿಟ್ಟು, ಒಗೆದ ಧೋತರ ಉಟ್ಟು, ಅವ್ವನನ್ನೂ ಕರೆದುಕೊಂಡು ಬೂತಿಗೆ ಹೋಗುತ್ತಿದ್ದರು. ಒಂದು ಸಲವೂ ತಪ್ಪಿಸಲಿಲ್ಲ. ಯಾರಿಗೆ ಹಾಕಿದಿರಿ ಎಂದು ಕೇಳಿದರೆ ನನಗೂ ಹೇಳುತ್ತಿರಲಿಲ್ಲ.

— ನಿವೃತ್ತ ಶಿಕ್ಷಕಿ, ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ