ಅಪ್ಪನ ಕೈಯಿಂದ ಬಂದ ಪದಕ

ಪ್ರೀತಿಯ ಪುಟ್ಟಿಗೆ,

ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಗೆದ್ದು, ಕ್ರಿಕೆಟ್ ಕ್ಯಾಪ್ಟನ್ ಕೂಡ ಆದವನು ಯಾರಪ್ಪಾ ಅಂತ ಕೇಳಿದ್ದೆಯಲ್ಲ, ಅವನು ಇಂಗ್ಲೆಂಡಿನ ಜಾನಿ ಡಗ್ಲಾಸ್. ಫೋನಿನಲ್ಲಿ ಹೇಳಿ ಮುಗಿಸುವ ಕಥೆಯಲ್ಲ, ಅದಕ್ಕೇ ಬರೀತಿದ್ದೇನೆ.

1908ರ ಲಂಡನ್ ಒಲಿಂಪಿಕ್ಸ್. ಮಿಡಲ್‌ವೇಟ್ ಅಂದರೆ ಮಧ್ಯಮ ತೂಕದ ವಿಭಾಗದ ಬೌಟ್‌ಗಳೆಲ್ಲ (ಪಂದ್ಯಗಳೆಲ್ಲ) ಅಕ್ಟೋಬರ್ 27ರಂದು, ಒಂದೇ ದಿನ. ನೀವು ಈಗ ಒಂದು ಬೌಟ್ ಆಡಿ ಮರುದಿನ ಮೈಕೈ ನೋವು ಅಂತ ಮಲಗ್ತೀರಿ. ಡಗ್ಲಾಸ್ ಇಬ್ಬರನ್ನು ಸೋಲಿಸಿ, ಅವತ್ತೇ ಫೈನಲ್‌ಗೂ ಇಳಿದ. ಎದುರಿಗೆ ಆಸ್ಟ್ರೇಲಿಯಾದ ಸ್ನೋವಿ ಬೇಕರ್. ಅವನೇನು ಕಡಿಮೆಯವನಲ್ಲ, ಅದೇ ಒಲಿಂಪಿಕ್ಸ್‌ನಲ್ಲಿ ಈಜು, ಡೈವಿಂಗ್ ಎರಡಕ್ಕೂ ಇಳಿದಿದ್ದ. ಇಬ್ಬರೂ ಬಿಟ್ಟುಕೊಡಲಿಲ್ಲ. ಕೊನೆಗೆ ಕೂದಲೆಳೆಯ ಅಂತರದಲ್ಲಿ, ಪಾಯಿಂಟ್ಸ್ ಮೇಲೆ ಡಗ್ಲಾಸ್‌ಗೆ ಚಿನ್ನ.

ಇನ್ನು ಕ್ರಿಕೆಟ್. 1911-12ರಲ್ಲಿ ಇಂಗ್ಲೆಂಡ್ ತಂಡದ ಆಸ್ಟ್ರೇಲಿಯಾ ಪ್ರವಾಸದಲ್ಲಿ ಕ್ಯಾಪ್ಟನ್ ವಾರ್ನರ್ ಕಾಯಿಲೆ ಬಿದ್ದು ತಂಡ ಇವನ ಪಾಲಿಗೆ ಬಂತು. ಮೊದಲ ಟೆಸ್ಟ್‌ನಲ್ಲಿ ಸಿಡ್ನಿ ಬಾರ್ನ್ಸ್‌ನಂಥ ಬೌಲರ್ ಇದ್ದರೂ ಹೊಸ ಚೆಂಡು ತಾನೇ ಹಿಡಿದ. ಸೋತರು. ಆಮೇಲೆ ಬಾರ್ನ್ಸ್‌ಗೆ ಕೊಟ್ಟ. ಸರಣಿ 4-1ರಿಂದ ಇಂಗ್ಲೆಂಡಿಗೆ. ಬ್ಯಾಟಿಂಗ್ ಮಾತ್ರ ಆಮೆನಡಿಗೆ. ಜೆ.ಡಬ್ಲ್ಯು.ಎಚ್.ಟಿ. ಎಂಬ ಅವನ ಇನಿಷಿಯಲ್‌ಗಳಿಗೆ ಅಲ್ಲಿನ ಪ್ರೇಕ್ಷಕರು ‘ಜಾನಿ ವೋಂಟ್ ಹಿಟ್ ಟುಡೇ’, ಅಂದರೆ ‘ಜಾನಿ ಇವತ್ತು ಹೊಡೆಯಲ್ಲ’ ಅಂತ ಅರ್ಥ ಕಟ್ಟಿದ್ದರು! ದ್ರಾವಿಡ್ ಅಭಿಮಾನಿಯಾದ ನನಗೆ ಅದು ಬೈಗುಳ ಅಂತ ಅನ್ನಿಸೋದೇ ಇಲ್ಲ.

1930ರ ಡಿಸೆಂಬರಿನಲ್ಲಿ ಡಗ್ಲಾಸ್ ಮತ್ತು ಅವನಪ್ಪ ಮರದ ವ್ಯಾಪಾರ ಮುಗಿಸಿ ಫಿನ್‌ಲ್ಯಾಂಡಿನಿಂದ ಹಡಗಿನಲ್ಲಿ ಬರ್ತಿದ್ದರು. ಡೆನ್ಮಾರ್ಕ್ ಹತ್ತಿರ ಮಂಜಿನಲ್ಲಿ ಇನ್ನೊಂದು ಹಡಗು ಡಿಕ್ಕಿ ಹೊಡೆಯಿತು. ಎರಡೂ ಹಡಗುಗಳ ಕ್ಯಾಪ್ಟನ್‌ಗಳು ಅಣ್ಣತಮ್ಮಂದಿರು, ನೋಡು. ಡಗ್ಲಾಸ್‌ಗೆ 48 ವರ್ಷ. ಅಪ್ಪನನ್ನು ಉಳಿಸಲು ಹೋಗಿ ಮುಳುಗಿದ ಅಂತಾರೆ. ಇಬ್ಬರೂ ಉಳಿಯಲಿಲ್ಲ.

ಆ ಅಪ್ಪನ ವಿಷಯಕ್ಕೇ ಬಂದೆ. ಅವರು ಹವ್ಯಾಸಿ ಬಾಕ್ಸಿಂಗ್ ಸಂಘದ ಅಧ್ಯಕ್ಷರು. 1908ರ ಫೈನಲ್ ದಿನ ಪದಕ ಕೊಡಲು ಬಂದಿದ್ದರು, ಅಷ್ಟೇ. ರೆಫರಿ ಆಗಿದ್ದವನು ಯೂಜಿನ್ ಕಾರಿ. ಆದರೂ ‘ತೀರ್ಪು ಕೊಟ್ಟಿದ್ದೇ ಅವನಪ್ಪ’ ಅಂತ ಬೇಕರ್ ಮುಂದೆ ಹೇಳಿದ. ಆ ಮಾತು ಇವತ್ತಿಗೂ ಪೂರ್ತಿ ಸತ್ತಿಲ್ಲ. ಮೂರು ಬೌಟ್ ಗೆದ್ದ ಮಗನ ಬೆವರಿಗಿಂತ ಅಪ್ಪನ ಕುರ್ಚಿಯೇ ಜನರ ಕಣ್ಣಿಗೆ ಬಿತ್ತು.

ನಮ್ಮ ಜಿಲ್ಲಾ ಸಂಘದವರು ಈ ಸಲ ಬಹುಮಾನ ಕೊಡಲು ನನ್ನನ್ನು ಕರೆದಿದ್ದಾರೆ. ಬರ್ತೀನಿ. ನಿನ್ನ ತೂಕದ ವಿಭಾಗಕ್ಕೆ ಮಾತ್ರ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂತ ಹೇಳಿಬಿಟ್ಟಿದ್ದೇನೆ. ಅಮ್ಮ ಚಕ್ಕುಲಿ ಕಳಿಸ್ತಿದ್ದಾಳೆ, ತೂಕ ನೋಡುವುದು ಮುಗಿದ ಮೇಲೇ ಡಬ್ಬಿ ತೆಗಿ.

ನಿನ್ನ,
ಅಪ್ಪ