ಶೇಕರ್ ಬಂತು, ಇನ್ನು ಪುಸ್ತಕ ಯಾವ್ದು?

ಲೋ ಮಗಾ,

ಹೊಸ ಶೇಕರ್ (ಡ್ರಿಂಕ್ ಕುಲುಕೋ ಡಬ್ಬ) ಸೆಟ್ ಫೋಟೋ ನೋಡ್ದೆ, ಸಕತ್ತಾಗಿದೆ. ಕಾಕ್‌ಟೇಲ್ ಕಲಿಯೋಕೆ ಯಾವ್ ಬುಕ್ ತಗೊಳ್ಲಿ ಅಂತ ಕೇಳಿದ್ಯಲ್ಲ, ವಾಟ್ಸಾಪಲ್ಲಿ ಎರಡು ಲೈನಿಗೆ ಮುಗಿಯೋ ಮಾತಲ್ಲ ಅದು, ಅದಕ್ಕೇ ಇಲ್ಲೇ ಬರೀತಿದೀನಿ, ಇನ್ಯಾರಿಗಾದ್ರೂ ಉಪಯೋಗ ಆದ್ರೆ ಆಗ್ಲಿ.

ಸಾವಿರ ರೆಸಿಪಿ ಅಂತ ದಪ್ಪ ದಪ್ಪ ಪುಸ್ತಕ ಬರ್ತಾವಲ್ಲ, ಅವನ್ನ ಮುಟ್ಟಲೇಬೇಡ. ಅದ್ರಲ್ಲಿ ಹೇಳಿರೋ ಅರ್ಧಕ್ಕರ್ಧ ಬಾಟ್ಲಿ ನಮ್ ವೈನ್ ಶಾಪಲ್ಲಿ ಸಿಗಲ್ಲ, ಸಿಕ್ಕಿದ್ರೂ ರೇಟ್ ಕೇಳಿದ್ರೆ ಕುಡಿಯೋಕ್ ಮುಂಚೆನೇ ತಲೆ ತಿರುಗತ್ತೆ. ನಿಂಗೆ ಬೇಕಿರೋದು ಯಾಕ್ ಹಿಂಗೆ ಮಾಡ್ಬೇಕು ಅಂತ ಬಿಡಿಸಿ ಹೇಳೋ ಪುಸ್ತಕ.

ಅಂಥದ್ರಲ್ಲಿ ನನ್ ಓಟು 2018ರ 'ಕಾಕ್‌ಟೇಲ್ ಕೋಡೆಕ್ಸ್'ಗೆ, ನ್ಯೂಯಾರ್ಕಿನ 'ಡೆತ್ ಆಂಡ್ ಕೋ' ಬಾರ್‌ನವ್ರು ಮಾಡಿದ್ದು. ಅವ್ರ ಪ್ರಕಾರ ಎಲ್ಲಾ ಕಾಕ್‌ಟೇಲೂ ಆರೇ ಆರು ಮನೆತನಕ್ಕೆ ಸೇರಿದ್ದು: ಓಲ್ಡ್ ಫ್ಯಾಷನ್ಡ್, ಮಾರ್ಟಿನಿ, ಡೈಕಿರಿ, ಸೈಡ್‌ಕಾರ್, ವಿಸ್ಕಿ ಹೈಬಾಲ್, ಫ್ಲಿಪ್. ಡೈಕಿರಿ ಅಂದ್ರೆ ಏನು, ರಮ್ಮು, ನಿಂಬೆರಸ, ಸಕ್ಕರೆ ಪಾಕ, ಅಷ್ಟೇ. ಅದಕ್ಕೇ ಪುದೀನ ಸೋಡಾ ಬಿದ್ರೆ ಮೊಹಿತೊ. ಇಷ್ಟು ತಲೆಗೆ ಹೋದ್ಮೇಲೆ ರೆಸಿಪಿ ಬಾಯಿಪಾಠ ಮಾಡೋ ಗೋಳೇ ಇಲ್ಲ.

ಆರು ಡ್ರಿಂಕ್ ಕಲಿತ್ರೆ ಸಾಕು ಅನ್ನೋದನ್ನ 1948ರಲ್ಲೇ ಡೇವಿಡ್ ಎಂಬ್ರಿ ಅಂತ ಒಬ್ರು 'ದಿ ಫೈನ್ ಆರ್ಟ್ ಆಫ್ ಮಿಕ್ಸಿಂಗ್ ಡ್ರಿಂಕ್ಸ್'ನಲ್ಲಿ ಬರೆದಿದ್ರು (ಪಟ್ಟಿ ಸ್ವಲ್ಪ ಬೇರೆ), ಆಸಾಮಿ ಬಾರ್‌ಟೆಂಡರೇ ಅಲ್ಲ, ಲಾಯರ್ರು! ಹುಳಿ ಇರೋ ಡ್ರಿಂಕಿಗೆಲ್ಲಾ ಅವ್ರ ಲೆಕ್ಕ 8:2:1, ಅಂದ್ರೆ 60 ಎಂಎಲ್ ರಮ್ಮಿಗೆ 15 ನಿಂಬೆರಸ, ಏಳೂವರೆ ಪಾಕ. ಖಡಕ್ ಅಂದ್ರೆ ಖಡಕ್ಕು. ನಾನು ರಸ ಪಾಕ ಎರಡೂ ಇಪ್ಪತ್ತಿಪ್ಪತ್ತು ಹಾಕ್ತೀನಿ, ಎಂಬ್ರಿ ಬೈಯ್ಕೊಂಡ್ರೂ ಪರ್ವಾಗಿಲ್ಲ. ಅಂದಹಾಗೆ ಅಮೆರಿಕದ ಪುಸ್ತಕದಲ್ಲಿ ಔನ್ಸ್ ನೋಡಿ ಗಾಬರಿ ಆಗ್ಬೇಡ, ಒಂದ್ ಔನ್ಸ್ ಹೆಚ್ಚುಕಮ್ಮಿ 30 ಎಂಎಲ್, ನಮ್ ಸ್ಮಾಲ್ ಪೆಗ್ಗೇ.

ಆಮೇಲೆ ಐಸು. ಇದನ್ನ ಯಾರೂ ಸೀರಿಯಸ್ಸಾಗಿ ತಗೊಳಲ್ಲ. ಡೇವ್ ಆರ್ನಲ್ಡ್ ಅವ್ರ 'ಲಿಕ್ವಿಡ್ ಇಂಟೆಲಿಜೆನ್ಸ್' (2014) ಓದು, ನಿನ್ನಂಥ ಇಂಜಿನಿಯರ್ರಿಗೆ ಹೇಳಿ ಮಾಡಿಸಿದ್ದು. ಡ್ರಿಂಕ್ ತಣ್ಣಗಾಗೋದೇ ಮುಖ್ಯವಾಗಿ ಐಸ್ ಕರಗೋದ್ರಿಂದ, ಒಂದ್ ಗ್ರಾಂ ಕರಗೋಕೆ ಸುಮಾರು 80 ಕ್ಯಾಲೊರಿ ಶಾಖ ಎಳ್ಕೊಳತ್ತೆ, ಹಾಗಾಗಿ ನೀರು ಸೇರದೇ ತಂಪು ಮಾತ್ರ ಬೇಕು ಅಂದ್ರೆ ಶೇಕರಲ್ಲಿ ಆಗಲ್ಲ. ಆಲ್ಕೊಹಾಲ್ ಇರೋದ್ರಿಂದ ಟೆಂಪರೇಚರ್ ಸೊನ್ನೆಗಿಂತ ಕೆಳಕ್ಕೂ ಹೋಗತ್ತೆ, ಚೆನ್ನಾಗಿ ಆಡಿಸಿದ್ರೆ ಶೇಕರ್ ಹೊರಗಡೆ ಬೆಳ್ಳಗೆ ಮಂಜು ಕಟ್ಟಿ ಕೈ ಅಂಟತ್ತೆ ನೋಡು, ಅದೇ. ಇನ್ನೊಂದು, ಹೊರಗಿಟ್ಟು ನೀರು ಬಿಟ್ಕೊಂಡಿರೋ ಐಸನ್ನ ಹಂಗೇ ಸುರೀಬೇಡ, ಆ ನೀರೂ ಡ್ರಿಂಕಿಗೇ ಹೋಗತ್ತೆ, ಜರಡಿಗೆ ಹಾಕಿ ಕೊಡವಿ ಹಾಕು.

ಹಿಸ್ಟರಿ ಬೇಕಂದ್ರೆ ಅಮೆರಿಕದ ಬಾರ್‌ಟೆಂಡರ್ ಜೆರ್ರಿ ಥಾಮಸ್ ಅವ್ರ 1862ರ ಪುಸ್ತಕ ಇದೆ, ಹಳೇದಾದ್ರಿಂದ ನೆಟ್ಟಲ್ಲಿ ಫ್ರೀ. ಅದ್ರಲ್ಲಿ ಬ್ಲೂ ಬ್ಲೇಜರ್ ಅಂತ ಒಂದಿದೆ, ಉರೀತಿರೋ ವಿಸ್ಕಿನ ಒಂದ್ ಮಗ್ಗಿಂದ ಇನ್ನೊಂದ್ ಮಗ್ಗಿಗೆ ಹೊಯ್ಯೋದು, ಓದಿ ಖುಷಿ ಪಡು, ಮನೇಲಿ ಮಾಡಕ್ ಹೋಗ್ಬೇಡ, ಕರ್ಟನ್ ಇದಾವೆ. ಲಂಡನ್ನಿನ ಸವಾಯ್ ಹೋಟೆಲ್ಲಿನ ಬಾರ್‌ಟೆಂಡರ್ ಹ್ಯಾರಿ ಕ್ರಾಡಕ್ ಅವ್ರ 1930ರ ಪುಸ್ತಕನ ಚಿತ್ರ ನೋಡಕ್ಕೇ ಇಟ್ಕೋಬಹುದು, ಕಲಿಯೋಕಲ್ಲ. ಅದು ನನ್ ಹತ್ರ ಇದೆ, ದುಡ್ಡು ಹಾಕ್ಬೇಡ, ಬಂದಾಗ ತಗೊಂಡ್ ಹೋಗು. ಮೇಲೆ ಗ್ಲಾಸ್ ಮಾತ್ರ ಇಡ್ಬೇಡ್ವೋ.

ಇಂತಿ ನಿನ್ನ ದೋಸ್ತ